ಮಾವನ ತಲೆಗೇರಿದ ಡೇನಿಶ್

ನನ್ನ ಸೋದರಮಾವ ಹುಟ್ಟಿದ್ದು ಟೊರಾಂಟೊ ವಿಮಾನ ನಿಲ್ದಾಣದಲ್ಲಿ, ಅದೂ ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ! ನಂಬುವುದಿಲ್ಲವೇ? ಟೊರಾಂಟೊ ಹತ್ತಿರದ ಅರೋರಾ ಊರಿನ ಅವರ ಮನೆಯಲ್ಲಿ ಈಗ ಕೇಕು ಕತ್ತರಿಸುವುದು ಅವರು ಕೆನಡಾಕ್ಕೆ ಬಂದಿಳಿದ ದಿನ. ಧಾರವಾಡದಲ್ಲಿ ಅವರನ್ನು ಹೆತ್ತ ಅಜ್ಜಿಗೆ ಈ ವಿಷಯ ಗೊತ್ತಾಗದಿದ್ದದ್ದೇ ಪುಣ್ಯ.

ಇದಕ್ಕೆಲ್ಲ ಕಾರಣ ಇನ್ನೂರು ವರ್ಷದ ಹಿಂದಿನ ಒಬ್ಬ ಡೆನ್ಮಾರ್ಕಿನ ಶಿಲ್ಪಿ. ಮರ ಕೆತ್ತುವವನ ಮಗ. ಕಲಿಯಲೆಂದು ರೋಮಿಗೆ ಹೋದವನು ನಲವತ್ತು ವರ್ಷ ಅಲ್ಲೇ ಬೇರು ಬಿಟ್ಟ. ರೋಮಿಗೆ ಕಾಲಿಟ್ಟ ದಿನವೇ ನನ್ನ ಹುಟ್ಟುಹಬ್ಬ ಎಂದ. ಹಳೆಯ ಗ್ರೀಕರ ಹಾಗೆ ಬಿಳಿ ಅಮೃತಶಿಲೆಯಲ್ಲಿ ದೇವರು, ವೀರರನ್ನೆಲ್ಲ ಕಡೆದ. ಜೀವಮಾನವಿಡೀ ಕೆನಡಾದ ಮನೆಗಳ ಡ್ರೈವಾಲ್ ಗೋಡೆಗಳಿಗೆ ಪ್ಲಾಸ್ಟರ್ ಬಳಿದ ಮಾವ, ರಿಟೈರಾದ ಮೇಲೆ ಲೈಬ್ರರಿಯಲ್ಲಿ ಇವನ ಪುಸ್ತಕ ನೋಡಿ, "ಅವನೂ ಬಿಳೀ ಧೂಳು ಕುಡದಾಂವ, ನಾನೂ ಕುಡದಾಂವ" ಎಂದು ನಂಟಸ್ತನ ಬೆಳೆಸಿಯೇಬಿಟ್ಟರು.

ಅವರ ಹೆಂಡತಿ, ಅಂದರೆ ನಮ್ಮ ಅತ್ತೆಗೆ, ಮೊದಲು ಏನೂ ಅರ್ಥವಾಗಲಿಲ್ಲ. ಗಂಡ ಫೋನಿನಲ್ಲಿ ಯಾರಿಗೋ, "ನನಗ ಡೇನಿಶ್ ಹುಚ್ಚ ಹಿಡದದ" ಎಂದದ್ದು ಕೇಳಿ ಡೇನಿಶ್ ಎಂಬ ಬೇಕರಿಯ ಸಿಹಿತಿಂಡಿಯೆಂದೇ ತಿಳಿದು ಕಾರಿನ ಸೀಟಿನಡಿಯೆಲ್ಲ ತಡಕಾಡಿದರು.

"ಶುಗರ್ ಏರೇದ, ಡಾಕ್ಟರ್ ಏನಂದಾರ? ಎಲ್ಲಿ ಮುಚ್ಚಿಟ್ಟೀರಿ?"

ಮಾವ ಪುಸ್ತಕ ತೆರೆದು ಬತ್ತಲೆ ವೀರನೊಬ್ಬನನ್ನು ತೋರಿಸಿದರು.

"ಇದಕ್ಕಿಂತ ಬೇಕರೀದ ಛೊಲೊ ಇತ್ತು!" ಎಂದರು ಅತ್ತೆ.

ಬೇಸ್‌ಮೆಂಟಿನ ಬಚ್ಚಲಿಗೆ ಟೈಲ್ಸ್ ಹಾಕುವ ಕೆಲಸ ಅರ್ಧಕ್ಕೇ ನಿಂತಿತು. ಕೇಳಿದರೆ, "ಆ ಬತ್ತಲೆ ವೀರನ್ನ ಮುಗಿಸಿ ಕೊಡಲಿಕ್ಕೆ ಆಂವ ಇಪ್ಪತ್ತೈದ ವರ್ಷ ತಗೊಂಡಾನ. ನಂದಿನ್ನೂ ಮೂರನೇ ವರ್ಷ!"

ಹೋದ ತಿಂಗಳು ಅತ್ತೆಗೆ ಅರವತ್ತು ತುಂಬಿತು. ಇವರದು ಅಸಲಿ ಹುಟ್ಟುಹಬ್ಬ! ಅತ್ತೆಯನ್ನೂ ನನ್ನನ್ನೂ ಬೇಸ್‌ಮೆಂಟಿಗೆ ಕರೆದೊಯ್ದು ಮಾವ ಬಟ್ಟೆ ಸರಿಸಿದರೆ, ಎದೆಮಟ್ಟದ ಸ್ಟ್ಯಾಂಡಿನ ಮೇಲೆ ಅತ್ತೆಯದೇ ಪ್ಲಾಸ್ಟರ್ ಮೂರ್ತಿ. ಆದರೆ ತಲೆ ಪೂರ್ತಿ ಬಗ್ಗಿದೆ. ಬೈತಲೆ ಕಾಣುತ್ತದೆಯೇ ಹೊರತು ಮುಖವಿಲ್ಲ.

"ಮೂವತ್ತೈದ ವರ್ಷ ಸಂಸಾರ ಮಾಡೀನಿ. ತಲಿ ತಗ್ಗಸೂವಂಥಾದ್ದು ಏನ ಮಾಡೀನಿ ನಾ?" ಅತ್ತೆಯ ದನಿ ನಡುಗಿತು. ದುಡುದುಡು ಮೆಟ್ಟಿಲು ಹತ್ತಿ ಹೋದರು.

ಮಾವ ಪೆಚ್ಚಾದರು. "ಆ ಶಿಲ್ಪಿ ಯೇಸೂನ ಮೂರ್ತೀನೂ ಹಿಂಗ ಮಾಡ್ಯಾನಪಾ. ಮಾರಿ ಕಾಣಬೇಕಂದ್ರ ಕೆಳಗ ಕೂಡಬೇಕು."

ಪಾಪ ಎನಿಸಿ ಕೂತು ತಲೆಯೆತ್ತಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ತೀರಾ ಚಿಕ್ಕ ವಯಸ್ಸಿನ ಅತ್ತೆ, 'ಇನ್ನೊಂದು ಹಾಕಲಾ?' ಎಂದು ಕೇಳುವ ಮುಖ.

"ಲಗ್ನ ಆದ ಹೊಸದಾಗಿ ನಾರ್ತ್ ಯಾರ್ಕಿನಾಗ ಬಾಡಿಗಿಗಿದ್ವಿ. ಟೇಬಲ್ ಇರಲಿಲ್ಲ," ಎಂದರು ಮಾವ. "ಅಂಗಡಿ ಜಾಹೀರಾತಿನ ಫ್ಲಾಯರ್ ಕಾಗದ ಹಾಸಿ ನಾ ನೆಲಕ್ಕ ಕೂಡತಿದ್ದೆ, ಆಕಿ ಬಗ್ಗಿ ರೊಟ್ಟಿ ನೀಡತಿದ್ಲು. ಆಗ ಕಂಡ ಮಾರಿ ಇದು. ಟೇಬಲ್ ಬಂದ ಮ್ಯಾಲೆ ನನಗ ಕಾಣಲೇ ಇಲ್ಲ ನೋಡು."

ಮೆಟ್ಟಿಲ ಮೇಲಿನ ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಕಾಗದ ಹಾಸುವ ಸರಬರ ಸದ್ದು, ಆಮೇಲೆ ಅತ್ತೆಯ ಕೂಗು:

"ಊಟಕ್ಕ ಬರ್ರಿ. ಇವತ್ತ ಟೇಬಲ್ ಬ್ಯಾಡ, ಕೆಳಗ ಕೂಡ್ರಿ."