ನೂರು ಗಂಟೆ ಉರಿದ ಟಾರ್ಚು ಮತ್ತು ಒಂದು ಗೇಣು ಹಸಿರು

ಬನಹಟ್ಟಿ, ಮೇ 2006

ಶತಜ್ಯೋತಿ ಎಲ್‌ಇಡಿ ಟಾರ್ಚು ಕಂಪನಿಯ ಮ್ಯಾನೇಜರ್ ಸಾಹೇಬರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಬನಹಟ್ಟಿಯ ಕೈಮಗ್ಗದ ನೇಕಾರ ಶಿವಯೋಗೆಪ್ಪನ ನಮಸ್ಕಾರಗಳು. ಕಾಲೆರಡೂ ಮಗ್ಗದ ಕುಣಿಯಲ್ಲಿ ಇಳಿಬಿಟ್ಟಿರುವುದರಿಂದ ಸಾಷ್ಟಾಂಗ ಸಾಧ್ಯವಾಗಿಲ್ಲ; ಸೊಂಟದಿಂದ ಮೇಲಿನ ಭಾಗವಷ್ಟೇ ಬಾಗಿದ್ದನ್ನು ತಾವು ಪೂರ್ತಿ ನಮಸ್ಕಾರವೆಂದೇ ಸ್ವೀಕರಿಸುವಿರೆಂಬ ಭರವಸೆ ನನಗಿದೆ. ಏಕೆಂದರೆ ಲೆಕ್ಕದಲ್ಲಿ ತಾವು ಎಷ್ಟು ಉದಾರಿಗಳೆಂಬುದು ತಮ್ಮ ಟಾರ್ಚಿನ ಡಬ್ಬಿಯ ಮೇಲೆಯೇ ಅಚ್ಚಾಗಿದೆ. 'ತುರ್ತು ಸಮಯಕ್ಕೆ, ನೂರು ಗಂಟೆ ಬೆಳಕು' ಎಂದು ಕೆಂಪು ಅಕ್ಷರದಲ್ಲಿದೆ. ಅದರ ಪಕ್ಕದಲ್ಲಿ ಒಂದು ಚುಕ್ಕಿಯೂ, ಡಬ್ಬಿಯ ತಳದಲ್ಲಿ ಆ ಚುಕ್ಕಿಯ ವಿವರಣೆಯೂ ಇವೆಯಂತೆ. ಅದನ್ನು ಓದಲು ನಮಗೆ ಇನ್ನೂ ದೊಡ್ಡದೊಂದು ಟಾರ್ಚು ಬೇಕಾಗಿತ್ತು.

ಅಂಥದೊಂದು ನಮ್ಮಲ್ಲಿ ಇತ್ತು ಸ್ವಾಮಿ. ಮೂರು ದಪ್ಪ ಸೆಲ್ಲು ನುಂಗುವ, ಎತ್ತಿದರೆ ಭುಜ ನೋಯುವ ಹಿತ್ತಾಳೆಯ ಟಾರ್ಚು. ತಮ್ಮ ಹಗುರ ಟಾರ್ಚನ್ನೂ, ಅದರೊಳಗಿನ ಕಿರುಬೆರಳಿನಷ್ಟಿರುವ ಮೂರು ಸೆಲ್ಲುಗಳನ್ನೂ ಕಂಡು ಮರುಳಾಗಿ, ಹಳೆಯದನ್ನು ಪಾತ್ರೆ ಮಾರುವ ರತ್ನಾಬಾಯಿಗೆ ಕೊಟ್ಟು ಒಂದು ಪ್ಲಾಸ್ಟಿಕ್ ಬಕೀಟು ತೆಗೆದುಕೊಂಡೆ. ಇಷ್ಟು ಸಣ್ಣ ಹೊಟ್ಟೆಯಲ್ಲಿ ನೂರು ಗಂಟೆ ಹೇಗೆ ಹಿಡಿಸಿದರು ಎಂದು ಮನೆಮಂದಿಯೆಲ್ಲ ತಮ್ಮನ್ನು ಕೊಂಡಾಡಿದ್ದೆವು.

ಈಗ ತುರ್ತು ಸಮಯದ ವಿಷಯ. ನನ್ನ ಮಗಳು ಕಾವೇರಿಯ ನಿಶ್ಚಿತಾರ್ಥಕ್ಕೆ ಲೋಕಾಪುರದಿಂದ ಬೀಗರು ಮರುದಿನ ಬೆಳಿಗ್ಗೆ ಬರುವವರಿದ್ದರು. ಊರಿಗೆಲ್ಲ ಸೀರೆ ನೇಯ್ದ ನಾನು ಮಗಳಿಗೆ ಅಂಗಡಿಯ ಸೀರೆ ಉಡಿಸುವುದುಂಟೇ ಎಂದು ಹಸಿರು ಒಡಲು, ಕುಂಕುಮ ಬಣ್ಣದ ಸೆರಗಿನ ಸೀರೆಯೊಂದನ್ನು ಹಿಡಿದಿದ್ದೆ. ಸಂಜೆ ಏಳಕ್ಕೆ ಒಡಲು ಮುಗಿದು ಸೆರಗು ನಾಲ್ಕು ಬೆರಳು ಆಗಿತ್ತು, ಕರೆಂಟು ಹೋಯಿತು. ಸೆರಗು ಹಿಡಿದ ಮೇಲೆ ಮುಗಿಸದೆ ಮಗ್ಗದಿಂದ ಏಳಬಾರದೆಂಬುದು ನಮ್ಮ ಮನೆಯ ಕಟ್ಟಳೆ. ನಾನು ಸ್ವಲ್ಪ ಮಿಸುಕಾಡಿದ್ದೇ ತಡ, ನನ್ನ ತಾಯಿ ತಂಗೆವ್ವ ಗದರಿದಳು: "ಏಳಬ್ಯಾಡಲೇ! ಮೊಮ್ಮಗಳ ಸೆರಗ ನಡುವ ಬಿಟ್ಟ ಏಳ್ತಿಯೇನ? ಅದೇನೋ ನೂರ ತಾಸಿನ ಬ್ಯಾಟ್ರಿ ತಂದಿದ್ಯಲ್ಲ, ಹಚ್ಚ ಅದನ್ನ!" ಎಳೆಗಳಿಗೆ ಬೆಂಕಿ ತಾಗೀತೆಂದು ಮಗ್ಗದ ಹತ್ತಿರ ನಾವು ಚಿಮಣಿ ದೀಪ ತರುವುದಿಲ್ಲ. ಹೀಗಾಗಿ ನನ್ನ ಮಗಳ ಸೀರೆಯ ಮಾನ ತಮ್ಮ ಕೈಗೆ ಬಂತು.

ನಲವತ್ತು ನಿಮಿಷ ತಮ್ಮ ಟಾರ್ಚು ಸೂರ್ಯನನ್ನೇ ನಾಚಿಸಿತು. ಆಮೇಲೆ ತಾನೇ ನಾಚಿಕೊಂಡಿತು. ಹಿಡಿದು ಹಿಡಿದು ಹೆಂಡತಿ ತಾರವ್ವನ ಕೈ ಸೋತಿತು, ಟಾರ್ಚನ್ನು ಕುಟ್ಟಿದಳು, ಸೆಲ್ಲುಗಳನ್ನು ತೆಗೆದು ಸೆರಗಿನಿಂದ ಒರೆಸಿ ಹಾಕಿದಳು, ಕೊನೆಗೆ ಅದರ ಎದುರು ಕೈಮುಗಿದಳು. ನಾನು ಕೈಯಂದಾಜಿನ ಮೇಲೆ ಲಾಳಿ ಓಡಿಸುತ್ತಲೇ ಹೋದೆ. ನೂಲು ತೀರಿತೆಂದು ಪಕ್ಕದ ಲಾಳಿ ಎತ್ತಿಕೊಂಡೆ. ತಮ್ಮ ನೀಲಿ ಮಿಣುಕಿನಲ್ಲಿ ಕುಂಕುಮವೂ ಹಸಿರೂ ಒಂದೇ ಕಪ್ಪು. ಆ ಲಾಳಿಯ ನೂಲೂ ಮುಗಿದಾಗ ಮತ್ತೊಂದು ಎತ್ತಿದೆ, ಅದು ದೈವವಶಾತ್ ಕುಂಕುಮವೇ ಆಗಿತ್ತು. ಬೆಳಕು ಹರಿದಾಗ ನೋಡಿದರೆ ಸೆರಗಿನ ನಡುಮಧ್ಯೆ ಒಂದು ಗೇಣು ಹಸಿರು ಪಟ್ಟಿ. ಮೂವತ್ತು ವರ್ಷ ನೇಯ್ದ ಕೈ ಮಗಳ ಸೀರೆಯಲ್ಲೇ ತಪ್ಪಿತಲ್ಲ ಎಂದು ನನಗೆ ಅಳುವೇ ಬಂತು, ಮಾನ್ಯರೇ.

ಆದರೂ ತಾವು ಸುಳ್ಳು ಹೇಳಿದಿರೆಂದು ನಾನು ಹೇಳಲಾರೆ. ಸಿಟ್ಟಿಗೆ ಟಾರ್ಚನ್ನು ಆರಿಸದೆ ಗೂಡಿನಲ್ಲಿಟ್ಟು ಗಡಿಯಾರ ಹಿಡಿದು ಪರೀಕ್ಷಿಸಿದ್ದೇನೆ. ಅದು ಐದನೆಯ ದಿನವೂ ಉಸಿರಾಡುತ್ತಿತ್ತು. ನಲವತ್ತು ನಿಮಿಷ ಅದರಿಂದ ನಮಗೆ ಕಂಡಿತು. ಉಳಿದ ತೊಂಬತ್ತೊಂಬತ್ತು ಗಂಟೆ ಇಪ್ಪತ್ತು ನಿಮಿಷ ನಮಗೆ ಅದೊಂದೇ ಕಂಡಿತು. ಕತ್ತಲೆಯಲ್ಲಿ ಟಾರ್ಚು ಎಲ್ಲಿದೆಯೆಂದು ತೋರಿಸುವ ಟಾರ್ಚನ್ನು ಲೋಕಕ್ಕೆ ಕೊಟ್ಟ ತಮಗೆ ನೇಕಾರರ ಸಂಘದಿಂದ ಶಾಲು ಹೊದಿಸಲು ಯೋಚಿಸಿದ್ದೇವೆ. ಶಾಲು ನೂರು ಮೊಳ. ಅದರಲ್ಲಿ ಮೊದಲ ಒಂದು ಗೇಣಷ್ಟೇ ನೇಯ್ಗೆ, ಉಳಿದದ್ದು ಬಿಡಿ ಎಳೆ.

ಇನ್ನು ವಿನಂತಿಗಳು. ಡಬ್ಬಿಯ ಮೇಲೆ ಗಂಟೆಯ ಬದಲು ಎಷ್ಟು ಗೇಣು ನೇಯಬಹುದೆಂದು ಅಚ್ಚು ಹಾಕಿಸಬೇಕು. ಸೆಲ್ಲುಗಳನ್ನು ಒನಕೆಯ ಗಾತ್ರಕ್ಕೆ ಏರಿಸಬೇಕು, ಹೊರಲು ಕಂಪನಿಯಿಂದಲೇ ಇಬ್ಬರನ್ನು ಕಳಿಸಬೇಕು. ಅದಾಗದಿದ್ದರೆ ಕರೆಂಟು ಹೋಗುವ ಹೊತ್ತನ್ನಾದರೂ ನಲವತ್ತು ನಿಮಿಷಕ್ಕೆ ಇಳಿಸಿ ಕೊಡಬೇಕು.

ನಿಶ್ಚಿತಾರ್ಥದ ದಿನ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಪಟ್ಟಿಯನ್ನು ಒಳಗೆ ಮಡಚಿ ಪಿನ್ನು ಹಾಕಿಕೊ ಎಂದು ತಾರವ್ವ ಮಗಳಿಗೆ ಪರಿಪರಿಯಾಗಿ ಹೇಳಿ ಕಳಿಸಿದ್ದಳು. ಕಾವೇರಿ ಅದನ್ನು ಎಲ್ಲರಿಗೂ ಕಾಣುವಂತೆ ಭುಜದ ಮೇಲೆಯೇ ಹರವಿಕೊಂಡು ಬಂದಳು. ಬೀಗರ ಕಡೆಯ ಹೆಂಗಸೊಬ್ಬಳು ಪಟ್ಟಿ ಮುಟ್ಟಿ, "ಇದೇನವಾ, ಹೊಸಾ ಡಿಜೈನ?" ಎಂದಳು. ನಾನು ತಲೆ ತಗ್ಗಿಸಿದೆ. ಮಗಳು, "ಅಲ್ರಿ, ತಪ್ಪೈತ್ರಿ. ಏನೂ ಕಾಣದಿದ್ರೂ ನಮ್ಮಪ್ಪ ಮಗ್ಗ ಬಿಟ್ಟ ಎದ್ದಿಲ್ರಿ, ಅದಕ್ಕ ಇದನ್ನ ಮುಚ್ಚಂಗಿಲ್ಲ ನಾ" ಎಂದಳು. ತಲೆ ಎತ್ತಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಈ ಮಾತನ್ನು ತಾವು ಜಾಹೀರಾತಿಗೆ ಬಳಸಿಕೊಂಡರೆ ಮಾತ್ರ ನಾನು ಸುಮ್ಮನಿರುವುದಿಲ್ಲ.

ತಮ್ಮ ಸೆಲ್ಲಿನಷ್ಟೇ ಗಟ್ಟಿಯಾದ ವಿಶ್ವಾಸ ಉಳಿದಿರುವ,
ತಮ್ಮ ವಿಶ್ವಾಸಿ,
ಶಿವಯೋಗೆಪ್ಪ

ತಾ.ಕ.: ಈ ಪತ್ರವನ್ನು ತಮ್ಮದೇ ಟಾರ್ಚಿನ ಬೆಳಕಿನಲ್ಲಿ ಓದಬೇಕೆಂದು ಕೋರಿಕೆ. ಈ ಸಾಲಿನವರೆಗೆ ಬಂದಿದ್ದೀರೆಂದರೆ, ನಡುವೆ ಎದ್ದುಹೋಗಿ ಟ್ಯೂಬ್‌ಲೈಟು ಹಾಕಿಕೊಂಡಿದ್ದೀರೆಂದೇ ತಿಳಿಯುತ್ತೇನೆ.