ಎರಡು ಸಾಲು ದೀಪ

ಸಣ್ಣ ವಿಮಾನಗಳಷ್ಟೇ ಇಳಿಯುವ ಆ ನಿಲ್ದಾಣದಲ್ಲಿ ರನ್‌ವೇ ದೀಪಗಳಿಗೆಲ್ಲ ಒಂದೇ ಸ್ವಿಚ್ಚು, ಅದನ್ನು ಹಾಕುವವನೂ ಒಬ್ಬನೇ. ಜನ ಅವನಿಗೆ ಸ್ವಿಚ್ಚಪ್ಪ ಎಂದೇ ಹೆಸರಿಟ್ಟಿದ್ದರು. ಸಂಜೆ ಹಾಕಬೇಕು, ಬೆಳಿಗ್ಗೆ ಆರಿಸಬೇಕು. ಇದನ್ನೂ ಮರೆಯುವವರುಂಟೇ ಅಂತೀರಾ? ತಾಳಿ.

ಅಂದು ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಪಕ್ಕದ ಮನೆಯ ಟೈಲರಮ್ಮ ಕಾಂಪೌಂಡಿನ ಮೇಲಿಂದ ಇಣುಕಿದಳು.

“ಗೊತ್ತಾಯ್ತಾ? ರಾತ್ರಿ ಯಾರದೋ ಸ್ವಂತ ವಿಮಾನ ಇಳಿಯೋಕೆ ಹೋಗಿ ಬಿದ್ದುಬಿಡ್ತಂತೆ! ಓಡಿಸ್ತಿದ್ದೋರು ಆಸ್ಪತ್ರೇಲಿ, ಉಳಿಯೋದು ಕಷ್ಟವಂತೆ. ದೀಪಾನೇ ಇರ್ಲಿಲ್ವೇನೋ ಪಾಪ!”

ಸ್ವಿಚ್ಚಪ್ಪನ ಬಾಯಲ್ಲಿ ನೊರೆ ಹಾಗೇ ನಿಂತಿತು. ನಿನ್ನೆ ಸಂಜೆ ಸ್ವಿಚ್ಚು ಹಾಕಿದ್ದೆನೋ, ಇಲ್ಲವೋ?

ನಿನ್ನೆ ಅವನಿಗೆ ತಲೆ ಹೋಗುವ ಅವಸರ. ಊರಾಚೆ ಮಾವನ ಕೋಳಿ ಫಾರಂ. ಅಲ್ಲಿನ ದಾರಿಗೆ ದೀಪ ಹಾಕಿಕೊಡು, ನರಿ ಕಾಟ ಎಂದು ಮಾವ ಗಂಟುಬಿದ್ದಿದ್ದರು. “ನಿನ್ನ ಕೈಲಿ ಏನಾಗುತ್ತೆ ಬಿಡು” ಎಂದು ಮದುವೆಯಾದಾಗಿನಿಂದ ಅನ್ನುತ್ತಿದ್ದ ಮಾವ. ಡ್ಯೂಟಿ ಮುಗಿದದ್ದೇ ಸೈಕಲ್ಲು ಹತ್ತಿ ಓಡಿದ್ದ. ದೀಪ ಕೂರಿಸುವುದು ಅವನಿಗೆ ಗೊತ್ತಿದ್ದದ್ದು ಒಂದೇ ರೀತಿ. ಹಾಗೇ ಕೂರಿಸಿ ಬಂದಿದ್ದ. ಸೈಕಲ್ಲು ನೆನಪಿದೆ, ಮಾವನ ಗಂಟುಮುಖ ನೆನಪಿದೆ, ಸ್ವಿಚ್ಚು ಮಾತ್ರ ನೆನಪಿಲ್ಲ.

“ರೀ, ಅಪ್ಪ ಆಗಿಂದ ಫೋನ್ ಮಾಡ್ತಾನೇ ಇದಾರೆ” ಎಂದಳು ಹೆಂಡತಿ.

“ಬಲ್ಬು ಹೋಗಿರುತ್ತೆ, ಬೈಯೋಕೆ ಮಾಡ್ತಿರ್ತಾರೆ. ಎತ್ತಬೇಡ ಕಣೇ! ಇಲ್ಲಿ ನನ್ನ ಕೈಕಾಲೇ ಆಡ್ತಿಲ್ಲ.”

ನಿಲ್ದಾಣಕ್ಕೆ ಹೊರಟವನಿಗೆ ಬೀದಿಯ ಕೊನೆಯಲ್ಲಿ ರಿಟೈರಾದ ಪೊಲೀಸಣ್ಣ ಅಡ್ಡ ನಿಂತ. “ಓಡಿಹೋಗೋ ಯೋಚನೆ ಮಾಡ್ಬೇಡಪ್ಪ, ಶಿಕ್ಷೆ ಜಾಸ್ತಿಯಾಗುತ್ತೆ. ಲಾಕಪ್ಪಿನಲ್ಲಿ ಚಳಿ. ಒಂದು ಸ್ವೆಟರ್ ಹಾಕ್ಕೊಂಡು ಹೋಗು.”

ಸ್ವಿಚ್ಚಪ್ಪ ಮನೆಗೆ ವಾಪಸು ಹೋಗಿ ಉರಿಬಿಸಿಲಿನಲ್ಲಿ ಸ್ವೆಟರ್ ತೊಟ್ಟು ಹೊರಟ.

ನಿಲ್ದಾಣದಲ್ಲಿ ರಾತ್ರಿಯೇ ಎಲ್ಲ ಆರಿಸಿ ಸ್ವಿಚ್ಚಿನ ಕೋಣೆಗೆ ಬೀಗ ಜಡಿದಿದ್ದರು. ವಿಚಾರಣೆಯ ಅಧಿಕಾರಿ ಒಳಗಿದ್ದರು. “ಕರೆದಾಗ ಬರ್ಬೇಕಂತೆ” ಎಂದ ವಾಚ್‌ಮನ್, ಬೆಂಚಿನ ಆ ತುದಿಗೆ ಸರಿದು ಕೂತ. ಗಂಟೆಗಟ್ಟಲೆ ಯಾರೂ ಕರೆಯಲಿಲ್ಲ. ಒಳಗೆ ಫೋನು ಬಡಿದುಕೊಂಡಾಗೆಲ್ಲ ‘ಹೋಯಿತು, ಆ ಮನುಷ್ಯ ಸತ್ತ, ನಾನೇ ಕೊಂದೆ’ ಎಂದು ಸ್ವಿಚ್ಚಪ್ಪ ಬೆಂಚಿನಿಂದ ಎದ್ದು ನಿಲ್ಲುತ್ತಿದ್ದ. ಜೈಲಿಗಾದರೂ ಹೋದೇನು, ಅವರು ಬದುಕಲಪ್ಪಾ ಎಂದು ಕಣ್ಣು ಮುಚ್ಚಿದ. ಜೇಬಿನಲ್ಲಿ ಮಾವನ ಫೋನು ಮತ್ತೆ ಕುಯ್ಯೆಂದಿತು. ಕಟ್ ಮಾಡಿದ.

ಸಂಜೆಗೆ ಒಳಗಿಂದ ಕರೆ ಬಂತು. ಒಳಗೆ ಹೋದವನೇ ಅಳುತ್ತ ಕೇಳಿದ: “ಸಾರ್... ಅವ್ರು ಉಳಿದ್ರಾ?”

“ಕಾಲು ಮುರಿದಿದೆ, ಅಷ್ಟೆ. ಗೊಬ್ಬರದ ರಾಶಿ ಮೇಲೆ ಬಿದ್ದು ಬಚಾವಾದ್ರು. ನಿಮ್ಮ ದೀಪಗಳೂ ಉರೀತಾನೇ ಇದ್ವು. ನಿಮ್ಮದೇನೂ ತಪ್ಪಿಲ್ರೀ.”

ಅಬ್ಬಾ! ಸ್ವಿಚ್ಚಪ್ಪನಿಗೆ ಹೋದ ಜೀವ ಬಂದಂತಾಯಿತು. ಸ್ವೆಟರ್ ಕಿತ್ತು ಬೆವರು ಒರೆಸಿಕೊಂಡ. ಸುಮ್ಮನೆ ಹೊರಡಬಾರದಿತ್ತೇ?

“ಮತ್ಯಾಕೆ ಬಿತ್ತು ಸಾರ್?”

“ಅವರಿಗೆ ಮೇಲಿಂದ ಎರಡು ರನ್‌ವೇ ಕಾಣಿಸ್ತಂತೆ. ಒಂದರಲ್ಲಿ ಹಳೇ ಮಂಕು ಬಲ್ಬು. ಇನ್ನೊಂದರಲ್ಲಿ ಹೊಸಾವು, ಎರಡು ಸಾಲು, ನೂಲು ಹಿಡಿದ ಹಾಗೆ! ಇಳಿಯೋ ಕಡೆ ಹಸಿರು, ಕೊನೇಲಿ ಕೆಂಪು, ಎಲ್ಲಾ ನಿಯಮದ ಪ್ರಕಾರ. ಅಲ್ಲೇ ಇಳಿಸಿದ್ರು. ನೋಡಿದ್ರೆ ಅದು ಕೋಳಿ ಫಾರಂ! ಆ ದೀಪ ಕೂರಿಸಿದ ಮಹಾನುಭಾವ ಯಾರೂಂತ ಹುಡುಕ್ತಿದೀವಿ. ಫಾರಂ ಯಜಮಾನರನ್ನೇ ಕರೆಸಿದೀನಿ.”

ಸ್ವಿಚ್ಚಪ್ಪ ಮೆಲ್ಲಗೆ ಸ್ವೆಟರನ್ನು ಮತ್ತೆ ತೊಟ್ಟುಕೊಂಡ.

ಬಾಗಿಲು ತೆರೆಯಿತು. ತಲೆಯಲ್ಲಿ ಕೋಳಿಪುಕ್ಕ ಸಿಕ್ಕಿಸಿಕೊಂಡೇ ಬಂದ ಮಾವ, ಮದುವೆಯಾದಾಗಿನಿಂದ ಮೊದಲ ಸಲ ಅಳಿಯನ ಮುಖ ನೋಡಿ ನಕ್ಕರು.

“ಬೆಳಿಗ್ಗೆಯಿಂದ ಹೊಗಳೋಣ ಅಂತ ಫೋನ್ ಮಾಡ್ತಿದೀನಿ, ಎತ್ತೋದೇ ಇಲ್ವಲ್ಲೋ!” ಎನ್ನುತ್ತ ಹೆಗಲ ಮೇಲೆ ಕೈ ಹಾಕಿ ಅಧಿಕಾರಿಯತ್ತ ತಿರುಗಿದರು. “ಕೈಲಾಗದೋನು ಅಂದ್ಕೊಂಡಿದ್ದೆ ಸಾರ್. ನೋಡಿ, ವಿಮಾನದೋರೇ ಮರುಳಾಗೋ ಅಂಥ ಕೆಲಸ ಮಾಡಿದಾನೆ! ಒಂದೊಂದು ಬಲ್ಬೂ ಇವನೇ ಕೂರಿಸಿದ್ದು. ಬರ್ಕೊಳ್ಳಿ ಸಾರ್, ನನ್ನ ಅಳಿಯ!”