ಗಂಜಿ ಹಾಕಿದ ದೇವಿಯ ಬಟ್ಟೆ

ದುಬೈಯಲ್ಲಿ ನೆರೆಮನೆಯವರನ್ನು ನಾವು ಆರಿಸಿಕೊಳ್ಳುವುದಿಲ್ಲ, ಬಾಡಿಗೆ ಏಜೆಂಟ್ ಆರಿಸಿ ಕೊಡುತ್ತಾನೆ. ಹಾಗಾಗಿ ಯಾರ ಒಲೆಯ ಹೊಗೆ ಯಾರ ಮೂಗಿಗೆ, ಯಾರ ದೇವರು ಯಾರ ಬಾಲ್ಕನಿಗೆ ಬರುತ್ತಾರೆಂದು ಹೇಳುವ ಹಾಗಿಲ್ಲ. ನಾವು ಅಲ್ ನಹ್ದಾದಲ್ಲಿದ್ದಷ್ಟು ವರ್ಷವೂ ಇಂಥದ್ದು ಆಗುತ್ತಲೇ ಇತ್ತು. ಈಗ ನೆನೆದರೆ ನಗು ಬರುತ್ತದೆ. ನಗು ಮುಗಿಯುವ ಹೊತ್ತಿಗೆ ಒಂದು ಕೊರಗೂ ನೆನಪಾಗುತ್ತದೆ.

೧. ಜಗಳದ ಬ್ರೆಡ್

ಪಕ್ಕದ ಫ್ಲ್ಯಾಟಿಗೆ ಐರ್ಲೆಂಡಿನ ಟೀಚರೊಬ್ಬಳು ಬಂದಳು. ಒಂಟಿ ಹೆಂಗಸು. ಬಂದ ವಾರವೇ ಬಾಗಿಲು ತಟ್ಟಿ, ಬ್ರೆಡ್ ಮಾಡಲು ಮಜ್ಜಿಗೆ ಉಂಟಾ ಎಂದು ಕೇಳಿದಳು. ಮಜ್ಜಿಗೆ ಕೇಳಿದವಳನ್ನು ಉಡುಪಿ ಕಡೆಯವರು ಹೊರಗೆ ನಿಲ್ಲಿಸುವುದುಂಟೇ? ಪಾತ್ರೆ ಹಿಡಿದು ನಾನೇ ಅವಳ ಅಡುಗೆಮನೆಗೆ ಹೋದೆ. ಅವಳು ಹಿಟ್ಟಿನ ಬೋಗುಣಿಯ ಮೇಲೆ ಬಾಗಿ ಏನೋ ಪಿಸುಗುಟ್ಟತೊಡಗಿದಳು.

"ನಾನು ಕಿಚನ್ ವಿಚ್," ಎಂದಳು, ನಾನು ಅಕೌಂಟೆಂಟ್ ಎನ್ನುವ ಧಾಟಿಯಲ್ಲಿ. ಅಂದರೆ ಅಡುಗೆಮನೆಯ ಮಾಟಗಾತಿ! ನಾನು ಮಜ್ಜಿಗೆ ಪಾತ್ರೆಯನ್ನು ಹಿಂದಕ್ಕೆಳೆದುಕೊಂಡೆ. ಆಮೇಲೆ ಅವಳೇ ಬಿಡಿಸಿ ಹೇಳಿದಳು. ಇದು ಯಾರಿಗೂ ಕೇಡು ಮಾಡುವ ವಿದ್ಯೆಯಲ್ಲ. ಒಳ್ಳೆಯದನ್ನು ಬಯಸುತ್ತ ಹಿಟ್ಟನ್ನು ಬಲಕ್ಕೆ ತಿರುಗಿಸಬೇಕು. ಬೆಂದ ಮೇಲೆ ಮೊದಲ ತುಂಡನ್ನು ಬ್ರಿಜಿಡ್ ದೇವಿಗೆ ಇಡಬೇಕು. ಬ್ರಿಜಿಡ್ ಎಂದರೆ ಒಲೆಯನ್ನೂ ಮನೆಯನ್ನೂ ಕಾಯುವ ಹಳೇ ಕೆಲ್ಟಿಕ್ ದೇವಿ.

"ಮಾಡು ಮಾರಾಯ್ತಿ, ಆದರೆ ಆ ವಿಚ್ ಅನ್ನುವ ಪದ ಮಾತ್ರ ಲಿಫ್ಟಿನಲ್ಲಿ ಹೇಳಬೇಡ," ಎಂದೆ. ಈ ದೇಶದಲ್ಲಿ ಮಾಟವೆಂದರೆ ಪೊಲೀಸ್ ಕೇಸು.

"ನೀನೂ ತಿರುಗಿಸು. ಮನಸ್ಸಿನಲ್ಲಿ ಇರುವುದು ಬ್ರೆಡ್ಡಿಗೆ ಬರುತ್ತದೆ," ಎಂದು ಸೌಟು ಕೊಟ್ಟಳು.

ನಾನು ಆಗಷ್ಟೇ ಗಂಡನ ಜೊತೆ ಜಗಳವಾಡಿ ಬಂದಿದ್ದೆ. ಬ್ರೆಡ್ ರುಬ್ಬುವ ಕಲ್ಲಿನ ಹಾಗೆ ಬಂತು. ಅವಳು ಅದನ್ನು ಬೆರಳಿನಿಂದ ಕುಟ್ಟಿ ನೋಡಿ, "ಯಾರನ್ನು ನೆನೆದೆ?" ಎಂದಳು. ಮನೆಗೆ ಬಂದು ಇದನ್ನು ನಮ್ಮವರಿಗೆ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಇಡ್ಲಿ ಗಟ್ಟಿಯಾದಾಗಲೆಲ್ಲ ತಟ್ಟೆಯಿಂದ ತಲೆಯೆತ್ತಿ ಕೇಳುತ್ತಿದ್ದರು: "ಎಂತ, ಇವತ್ತೂ ನಾನಾ?"

೨. ಕಲಿತ ಮಾಟ, ಕಲಿಯದ ಮಾಟ

ಆ ಚಳಿಗಾಲದಲ್ಲಿ ನನ್ನ ಅತ್ತೆ ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದರು. ನಮ್ಮವರು ನನ್ನನ್ನು ಮೂಲೆಗೆ ಕರೆದು, "ಅಮ್ಮನಿಗೆ ಮಾಟಗೀಟ ಅಂತ ಹೇಳಬೇಡ, ಭಕ್ತಿ ಜಾಸ್ತಿ ಅಂತ ಹೇಳು," ಎಂದರು.

ಅತ್ತೆ ಹೆಣ್ಣು ನೋಡಲು ಬಂದವರ ಹಾಗೆ ಟೀಚರಳ ಅಡುಗೆಮನೆಯನ್ನು ತಪಾಸಣೆ ಮಾಡಿದರು. ಹೊಸ್ತಿಲಲ್ಲಿ ಉಪ್ಪು, ಒಲೆಯ ಪಕ್ಕ ದೀಪ, ಗೋಡೆಗೆ ತೂಗುಹಾಕಿದ ಪೊರಕೆ. ಟೀಚರ್ ಹೆಮ್ಮೆಯಿಂದ ಒಂದೊಂದರ ಗೂಢಾರ್ಥವನ್ನೂ ಹೇಳಿದಳು, ಪುಸ್ತಕ ಓದಿ, ಶಿಬಿರಕ್ಕೆ ಹೋಗಿ ಕಲಿತೆ ಎಂದಳು. ನಾನು ಅನುವಾದಿಸಿದೆ.

ಅತ್ತೆ ಅವಳ ತಲೆ ಸವರಿದರು. "ಪೊರಕೆ ಮೆಟ್ಟಬಾರದು ಅಂತ ಕಲೀಲಿಕ್ಕೆ ಕ್ಲಾಸಿಗೆ ಹೋದಳಾ? ಪಾಪ, ಮನೆಯಲ್ಲಿ ಹೇಳಿಕೊಡುವವರು ಯಾರೂ ಇರಲಿಲ್ಲವಾ ಮಗಾ?"

ಅಲ್ಲಿಗೇ ನಿಲ್ಲದೆ, ಈ ಹುಡುಗಿ ಸೊರಗಿದ್ದಾಳೆ, ದೃಷ್ಟಿಯಾಗಿದೆ ಎಂದು ಉಪ್ಪು, ಒಣಮೆಣಸು ನಿವಾಳಿಸಿ ಅವಳ ಬಾಣಲೆಗೇ ಹಾಕಿದರು. ಘಾಟಿಗೆ ಹೊಗೆಯ ಅಲಾರಂ ಹೊಡೆದುಕೊಂಡಿತು. ಎಲ್ಲ ಮಹಡಿಯವರೂ ಕೆಮ್ಮುತ್ತ, ಮಕ್ಕಳನ್ನು ಎತ್ತಿಕೊಂಡು, ಪಾರ್ಕಿಂಗಿಗೆ ಓಡಿ ಬಂದರು. ಅತ್ತೆ ಗುಂಪನ್ನು ತೃಪ್ತಿಯಿಂದ ನೋಡಿ ಹೇಳಿದರು: "ನೋಡಿದಿಯಾ, ಎಷ್ಟು ದೃಷ್ಟಿ ಇತ್ತು ಅವಳಿಗೆ!"

೩. ಟೀ ಚೆಲ್ಲಿದ ಕಥೆ

ಅಂದಿನಿಂದ ಇಬ್ಬರಿಗೂ ಗಳಸ್ಯ ಕಂಠಸ್ಯ. ಭಾಷೆಗೆ ನಾನಿದ್ದೆ. ಒಂದು ಸಂಜೆ ಟೀಚರ್ ತನ್ನ ಅಮ್ಮನ ಸುದ್ದಿ ತೆಗೆದಳು. ಅಮ್ಮ ಊರಲ್ಲಿ ಹಾಸಿಗೆ ಹಿಡಿದಿದ್ದರು. ಟರ್ಮ್ ಮುಗಿಯುವವರೆಗೆ ಇವಳಿಗೆ ರಜೆಯಿಲ್ಲ. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಇಬ್ಬರಿಗೂ ಮಾತಿಲ್ಲ. ಅಮ್ಮ ಚರ್ಚಿಗೆ ನಡೆದುಕೊಳ್ಳುವವರು. ಬ್ರಿಜಿಡ್ ಎಂಬುದು ಅವರ ಚರ್ಚಿನಲ್ಲಿ ಒಬ್ಬ ಸಂತಳ ಹೆಸರೂ ಹೌದಂತೆ. ಮಗಳು ದೇವಿ ಎಂದಳು, ಅಮ್ಮ ಸಂತಳು ಎಂದರು. ಕಳೆದ ಕ್ರಿಸ್‌ಮಸ್ಸಿನಲ್ಲಿ ಅಮ್ಮ ಸಿಟ್ಟಿನಿಂದ ಮೇಜು ಗುದ್ದಿ, ಟೀ ಚೆಲ್ಲಿ, ಬಿಳಿ ಮೇಜುಬಟ್ಟೆ ಹಾಳಾಗಿ, ಮಗಳು ಊಟ ಬಿಟ್ಟು ಎದ್ದು ಬಂದಿದ್ದಳು. ಸಾಯುವ ಮೊದಲು ಅಮ್ಮ ಒಂದು ಸಲ ಸರಿಯಾಗಿ ಮಾತಾಡಿದರೆ ಸಾಕಿತ್ತು ಎಂದು ಅತ್ತಳು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಬಹಳ ಯೋಚಿಸಿ ತೀರ್ಪು ಕೊಟ್ಟರು: "ಹೆಂಗಸು ಒಬ್ಬಳೇ, ಕೆಲಸ ಎರಡು. ಇದು ಎಲ್ಲ ಮನೆಯಲ್ಲೂ ಇರುವುದಲ್ವಾ? ಅದಕ್ಕೆ ಜಗಳ ಎಂತಕ್ಕೆ?"

೪. ದೇವಿ ಬಂದು ಹೋದ ಬೆಳಗು

ಫೆಬ್ರವರಿ ಒಂದು ಬ್ರಿಜಿಡ್ ಹಬ್ಬ. ಹಿಂದಿನ ಸಂಜೆ ಒಂದು ಬಟ್ಟೆಯನ್ನು ಹೊರಗಿಟ್ಟರೆ ದೇವಿ ಹಾದು ಹೋಗುವಾಗ ಮುಟ್ಟುತ್ತಾಳಂತೆ. ಆ ಇಬ್ಬನಿಯ ಬಟ್ಟೆಯನ್ನು ರೋಗಿಯ ತಲೆಗೆ ಸುತ್ತಿದರೆ ನೋವು ಇಳಿಯುತ್ತದಂತೆ. ಟೀಚರ್ ಅಮ್ಮನಿಗಾಗಿ ಬಾಲ್ಕನಿಯ ಕಂಬಿಗೆ ಬಿಳಿ ಲಿನನ್ ಬಟ್ಟೆ ಕಟ್ಟಿದಳು. ಹಬ್ಬದ ದಿನವೇ ಊರಿಗೆ ಹೊರಟಿದ್ದ ಸಹೋದ್ಯೋಗಿಯ ಕೈಯಲ್ಲಿ ಕಳಿಸುವುದೆಂದು ಮಾತಾಗಿತ್ತು. ಇದನ್ನೆಲ್ಲ ಅವಳು ನಮಗೆ ಯಾರಿಗೂ ಹೇಳಿರಲಿಲ್ಲ.

ಅತ್ತೆ ಬೆಳಗಿನ ಜಾವವೇ ಏಳುವವರು. ರಸ್ತೆಗೆ ಕಾಣುವ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಿದರೆ ಇಲ್ಲಿ ದಂಡ ಎಂದು ಮೊದಲ ದಿನವೇ ನಾನು ಅವರಿಗೆ ಪಾಠ ಮಾಡಿದ್ದೆ. ಪಕ್ಕದ ಕಂಬಿಯಲ್ಲಿ ಒದ್ದೆ ಬಟ್ಟೆ ಕಂಡದ್ದೇ, ಪಾಪದ ಹುಡುಗಿಗೆ ದಂಡ ಬೀಳಬಾರದೆಂದು ಮಾಪಿನ ಕೋಲಿನಿಂದ ಎಳೆದುಕೊಂಡರು. ಮರಳಿನ ಧೂಳು ಕೂತಿದೆಯೆಂದು ಒಗೆದರು. ಒಗೆದ ಮೇಲೆ ಸುಮ್ಮನಿರಲಾಗದೆ ಅನ್ನದ ಗಂಜಿ ಹಾಕಿದರು. ಇಸ್ತ್ರಿಯನ್ನೂ ಹಾಕಿ, ಟೀಚರ್ ಬಾಗಿಲು ತೆರೆಯುವಾಗ ಹಪ್ಪಳದಂತಾಗಿದ್ದ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

ಅವಳ ಮುಖ ಬಿಳುಚಿತು. ಬೈಯಲಿಲ್ಲ. ಬಟ್ಟೆ ತೆಗೆದುಕೊಂಡು, "ಥ್ಯಾಂಕ್ ಯೂ ಅತ್ತೆ," ಎಂದು ಬಾಗಿಲು ಹಾಕಿಕೊಂಡಳು. ಕಾರಣ ಅವಳು ನನಗೆ ಫೋನಿನಲ್ಲಿ ಹೇಳಿದಳು, ನಾನು ಅತ್ತೆಗೆ ಹೇಳಬೇಕಾಯಿತು.

"ದೇವಿ ಮುಟ್ಟಿದ್ದನ್ನು ತೊಳೆದುಬಿಟ್ಟೆನಾ ನಾನು?" ಅತ್ತೆ ಆ ದಿನ ಊಟ ಮಾಡಲಿಲ್ಲ. ನಮ್ಮವರು ಸಮಾಧಾನ ಮಾಡಲು ಹೋಗಿ, "ಬಿಡು ಅಮ್ಮ, ಅವರ ದೇವಿಗೆ ಇಲ್ಲಿನ ಬಾಲ್ಕನಿ ಕಾನೂನು ಗೊತ್ತಿರಲಿಕ್ಕಿಲ್ಲ," ಎಂದು ಬೈಸಿಕೊಂಡರು.

೫. ಕೊನೆಯ ಬಟ್ಟೆ

ಬೇರೆ ದಾರಿಯಿಲ್ಲದೆ ಟೀಚರ್ ಆ ಗಂಜಿಬಟ್ಟೆಯನ್ನೇ ಕಳಿಸಿದಳು. ಮಗಳು ಮದ್ದೆಂದು ಕಳಿಸುತ್ತಿದ್ದ ಸೊಪ್ಪುಸದೆಗಳನ್ನೆಲ್ಲ ಕಸಕ್ಕೆ ಹಾಕುತ್ತಿದ್ದ ಅಮ್ಮ, ಇದನ್ನು ಮುಟ್ಟಿ ನೋಡಿ ತಾವೇ ಫೋನು ಮಾಡಿದರಂತೆ.

"ಇದನ್ನು ಯಾರು ಒಗೆದದ್ದು? ನನ್ನ ಅಮ್ಮ ಹೋದ ಮೇಲೆ ಇಂಥ ಗಂಜಿ ನಾನು ಕಂಡಿಲ್ಲ. ತಲೆಗೆ ಸುತ್ತಿದರೆ ಬಿಷಪ್ಪರ ಟೋಪಿಯ ಹಾಗೆ ನಿಲ್ಲುತ್ತದೆ! ನಿನ್ನ ದೇವಿ ಮಾಡಿದ ಮೊದಲ ಪ್ರಯೋಜನದ ಕೆಲಸ ಇದು."

ತಾಯಿ ಮಗಳು ನಕ್ಕರು, ಆಮೇಲೆ ತುಂಬಾ ಹೊತ್ತು ಮಾತಾಡಿದರು. ದಿನಾ ಮಾತಾಡತೊಡಗಿದರು. ಫೋನಿಡುವಾಗಲೆಲ್ಲ ಅಮ್ಮನದು ಒಂದೇ ಮಾತು: ಟೀ ಚೆಲ್ಲಿದ ಆ ಮೇಜುಬಟ್ಟೆಯನ್ನು ಆ ಹೆಂಗಸಿನ ಕೈಗೆ ಕೊಟ್ಟು ನೋಡು, ಕಲೆ ಹೋದೀತು. ಅತ್ತೆಗೆ ಹೋದ ಜೀವ ಬಂದ ಹಾಗಾಯಿತು. "ತರಲಿ, ಲಿಂಬೆ ತಿಕ್ಕಿ ತೆಗೆದುಕೊಡುತ್ತೇನೆ," ಎಂದು ಕಾದರು.

ಅತ್ತೆಯ ವೀಸಾ ಮುಗಿಯಿತು, ಊರಿಗೆ ಹೋದರು. ಟೀಚರಳ ಟಿಕೆಟ್ ತಯಾರಿತ್ತು, ಅಮ್ಮ ಅಲ್ಲಿಯವರೆಗೆ ಕಾಯಲಿಲ್ಲ. ಅಮ್ಮನನ್ನು ಮಣ್ಣು ಮಾಡಿ ಮರಳಿದವಳು ಮೇಜುಬಟ್ಟೆಯನ್ನು ನನ್ನ ಕೈಗಿತ್ತು, "ಅಮ್ಮ ಹೇಳಿದ್ದಳಲ್ಲ," ಎಂದಳು. ಅವಳ ಅಮ್ಮ, ನನ್ನ ಅತ್ತೆ ಒಮ್ಮೆ ಎದುರುಬದುರು ಕೂತು ಟೀ ಕುಡಿಯಬೇಕಿತ್ತು. ನನಗೆ ಇಂದಿಗೂ ಆ ಕೊರಗಿದೆ.

ರಜೆಯಲ್ಲಿ ಊರಿಗೆ ಹೋದಾಗ ಅದನ್ನು ಅತ್ತೆಯ ಮುಂದೆ ಬಿಡಿಸಿದೆ. ನಡುವೆ ಕಂದು ಕಲೆ.

"ಇದು ಅವಳ ಅಮ್ಮ ಚೆಲ್ಲಿದ್ದೇ ಅಲ್ಲವಾ?"

"ಹೌದು ಅತ್ತೆ. ಲಿಂಬೆ ತರಲಾ?"

ಅತ್ತೆ ಕಲೆಯ ಮೇಲೊಮ್ಮೆ ಕೈಯಾಡಿಸಿದರು. ಮತ್ತೆ ಬಟ್ಟೆಯನ್ನು ಮಡಚಿ, ನನ್ನ ಮಡಿಲಲ್ಲಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದರು:

"ಹಾಗೇ ಕೊಡು ಅವಳಿಗೆ. ಒಮ್ಮೆ ತೊಳೆದದ್ದು ಸಾಲದಾ? ಇನ್ನು ಐರ್ಲೆಂಡಿನದ್ದು ಒಂದನ್ನೂ ನಾನು ತೊಳೆಯುವವಳಲ್ಲ ಮಾರಾಯ್ತಿ!"